ಕಲ್ಲು ಕೆಂಪಾಗುವುದಿಲ್ಲ

ಅಮ್ಮನ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಅಣಬೆ, ಎರಡು ಬಾವಲಿ, ಮೂಗಿಲ್ಲದ ಒಂದು ಹಂದಿ, ಬೆಂಕಿ ಉಗುಳಲು ಹೋಗಿ ಪ್ರತಿಸಲವೂ ಕೆಮ್ಮುವ ಒಂದು ಹಲ್ಲಿ, ಇನ್ನೂ ಏನೇನೋ. ಇಷ್ಟೂ ರಾಕ್ಷಸ ಸಂತಾನ ಒಂದು ಮರದ ಗಾಡಿಯಲ್ಲಿ ಒತ್ತೊತ್ತಾಗಿ ಕೂತು ಕಾಡುಮೇಡು ಸುತ್ತುತ್ತಿತ್ತು. ಅದು ಟಿವಿಯೊಳಗಿನ ಗಾಡಿ ಎನ್ನುವುದೊಂದೇ ಸಮಾಧಾನ. ಮನೆಯೊಳಗಿನದಾಗಿದ್ದರೆ ಅವುಗಳ ಬಟ್ಟೆಬರೆಯನ್ನೂ ದೊಡ್ಡವಳೇ ಒಗೆಯಬೇಕಾಗುತ್ತಿತ್ತು.

ದೊಡ್ಡವಳು ಎಂದರೆ ಅಮ್ಮನ ದೊಡ್ಡ ಮಗಳು. ಅವಳಿಗೂ ಒಂದು ಹೆಸರಿದೆ, ಆದರೆ ಅದನ್ನು ಯಾರಾದರೂ ಕೂಗಿದರೆ ತಿರುಗಿ ನೋಡಲು ಅವಳಿಗೇ ಸ್ವಲ್ಪ ಹೊತ್ತು ಬೇಕು. ಕೆಳಗೆ ಲಾಂಡ್ರಿ, ಮೇಲೆ ಮನೆ, ನಡುವೆ ಕಡಿದಾದ ಒಂದು ಮೆಟ್ಟಿಲು. ಅಪ್ಪ ತೀರಿಕೊಂಡ ಮೇಲೆ ಲಾಂಡ್ರಿ ತಾನಾಗಿ ಅವಳ ಹೆಗಲಿಗೆ ಬಂತು. ಬೇಕಾ ಅಂತ ಯಾರೂ ಕೇಳಲಿಲ್ಲ, ಬೇಡ ಅಂತ ಅವಳೂ ಹೇಳಲಿಲ್ಲ. ಹೋಟೆಲುಗಳ ಹಾಸಿಗೆ ಬಟ್ಟೆ ಮೂಟೆಮೂಟೆಯಾಗಿ ಬರುತ್ತಿತ್ತು. ಒಣ ಬಟ್ಟೆಯ ಭಾರ ಒಂದು ಬಗೆ, ಒದ್ದೆ ಬಟ್ಟೆಯದೇ ಇನ್ನೊಂದು ಬಗೆ. ಮಷೀನಿನ ಹೊಟ್ಟೆಯಿಂದ ಒದ್ದೆ ಚಾದರಗಳ ಗಂಟನ್ನು ಎಳೆದು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಣಗಿಸುವ ಮಷೀನಿನವರೆಗೆ ಹೊರುವುದು ಅವಳ ದಿನದ ಕೆಲಸ. ಇಸ್ತ್ರಿಯವನೊಬ್ಬನಿದ್ದ, ಇಸ್ತ್ರಿಪೆಟ್ಟಿಗೆ ಬಿಟ್ಟು ಬೇರೆ ಏನನ್ನು ಮುಟ್ಟಿದರೂ ತನ್ನ ಮರ್ಯಾದೆ ಹೋಯಿತು ಎನ್ನುವ ಮನುಷ್ಯ.

ಟಿವಿಯ ಆಟವನ್ನು ಮನೆಗೆ ತಂದವಳು ಚಿಕ್ಕ ಮಗಳು ಪುಟ್ಟಿ. ಅವಳು ಬೇರೆ ಊರಿನ ಈಜುಕೊಳದಲ್ಲಿ ಈಜು ಕಲಿಸುವ ಕೆಲಸಕ್ಕೆ ಹೋಗುವಾಗ ಆಟದ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು, ಹೋಗುವ ಮುನ್ನ ಅಮ್ಮನಿಗೆ ಗುಂಡಿ ಒತ್ತುವುದನ್ನು ಕಲಿಸಿದಳು. 'ಮಂಡಿನೋವು ಅಂತ ಕೂತೇ ಇರ್ತೀಯ, ಕೈಯಾದ್ರೂ ಆಡ್ಲಿ' ಅಂದಳು. ಮೊದಮೊದಲು ಅಮ್ಮ ಮೂಗು ಮುರಿದಳು. ಆಮೇಲೆ ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು.

ಆಟ ಇಷ್ಟೇ. ದಾರಿಯಲ್ಲಿ ರಾಕ್ಷಸರು ಅಡ್ಡ ಬರುತ್ತಾರೆ, ಅವರನ್ನು ಹೊಡೆದು ಉರುಳಿಸಬೇಕು. ಉರುಳಿದವರಲ್ಲಿ ಕೆಲವರು ಮಾತ್ರ ಮೈ ಕೊಡವಿ ಎದ್ದು, ಕಣ್ಣು ಪಿಳಿಪಿಳಿ ಬಿಟ್ಟು 'ಜೊತೆಗೆ ಬರಲೇ?' ಎಂದು ಕೇಳುತ್ತಾರೆ. ಹೂಂ ಎಂದರೆ ನಮ್ಮ ಪಡೆಗೆ ಸೇರುತ್ತಾರೆ. ನಾಲ್ಕು ಜನ ಮುಂದೆ ನಿಂತು ಕಾದಾಡಬಹುದು, ಉಳಿದವರು ಗಾಡಿಯಲ್ಲಿ. ಬುದ್ಧಿವಂತರು ಒಳ್ಳೊಳ್ಳೆಯವರನ್ನು ಆರಿಸಿಕೊಂಡು, ಕೆಲಸಕ್ಕೆ ಬಾರದವರನ್ನು ಕಾಡಿಗೆ ಬಿಟ್ಟು ಮುಂದೆ ಸಾಗುತ್ತಾರೆ. ಅಮ್ಮ ಇವತ್ತಿನವರೆಗೆ 'ಬೇಡ' ಎಂಬ ಗುಂಡಿಯನ್ನು ಒತ್ತಿದವಳೇ ಅಲ್ಲ.

ಅದೂ ಹೋಗಲಿ ಎನ್ನಬಹುದಿತ್ತು. ಸೇರಿದವರಿಗೆ ಹೆಸರಿಡಿ ಎಂದು ಆಟ ಕೇಳಿತಲ್ಲ, ಅಲ್ಲಿ ಕೆಟ್ಟಿತು. ಅಮ್ಮ ನೆಂಟರ ಹೆಸರುಗಳನ್ನೇ ಒಂದು ಕಡೆಯಿಂದ ಇಡುತ್ತಾ ಬಂದಳು. ಅಣಬೆ ಸೋದರತ್ತೆಯಾಯಿತು. 'ಅವಳ ಮಾತಿನ ಹಾಗೇ ಕಣೇ, ವಿಷ ತಕ್ಷಣ ಗೊತ್ತಾಗಲ್ಲ, ಮನೆಗೆ ಹೋದ್ಮೇಲೆ ಏರತ್ತೆ.' ಜಗಳ ಶುರುವಾದ ಕೂಡಲೇ ಹಾರಿಹೋಗುವ ಬಾವಲಿ ಸೋದರಮಾವನಾಯಿತು. ಕೆಮ್ಮುವ ಹಲ್ಲಿ ಚಿಕ್ಕಪ್ಪ. ಹೆಸರಿಟ್ಟ ಮೇಲೆ ಬಿಡುವುದುಂಟೇ? ಈ ಹಲ್ಲಿಯಿಂದ ಮೂರು ಕಾಸಿನ ಉಪಯೋಗವಿಲ್ಲ, ಇಳಿಸು ಎಂದು ದೊಡ್ಡವಳು ಹೇಳಿದರೆ ಅಮ್ಮ ಕೆನ್ನೆ ಮೇಲೆ ಕೈಯಿಟ್ಟುಕೊಂಡು 'ಚಿಕ್ಕಪ್ಪನ್ನ ಕಾಡಲ್ಲಿ ಬಿಟ್ಟು ಬಾ ಅಂತೀಯಲ್ಲೇ, ನಿನಗೆ ಮನಸ್ಸಾದ್ರೂ ಹೇಗೆ ಬಂತು!' ಎಂದು ಬೈಯುತ್ತಿದ್ದಳು. ಒಮ್ಮೆ ನಿಜವಾದ ಸೋದರತ್ತೆ ಮನೆಗೆ ಬಂದು, ಟಿವಿಯಲ್ಲಿ ತನ್ನ ಹೆಸರು ಹೊತ್ತ ಅಣಬೆಯನ್ನು ನೋಡಿ, ಬಾಯಿಗಿಟ್ಟ ಲೋಟವನ್ನು ಹಾಗೇ ಕೆಳಗಿಟ್ಟು ಹೋದವಳು ಇನ್ನೂ ಬಂದಿಲ್ಲ. ಆ ಮಟ್ಟಿಗೆ ಆಟದಿಂದ ಒಂದು ಉಪಕಾರವೂ ಆಗಿದೆಯೆನ್ನಿ.

ಆ ಭಾನುವಾರ ಲಾಂಡ್ರಿಗೆ ರಜೆ. ದೊಡ್ಡವಳು ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ನಿಂತಳು. ಕಿಬ್ಬೊಟ್ಟೆಯ ಬಲಗಡೆ ನಿಂಬೆಕಾಯಿ ಗಾತ್ರದ ಉಬ್ಬೊಂದು ಎದ್ದು ತಿಂಗಳುಗಳೇ ಆಗಿದ್ದವು. ಭಾರ ಎತ್ತಿ ಎತ್ತಿ ಹರ್ನಿಯಾ ಆಗಿದೆ ಎಂದು ಡಾಕ್ಟರಮ್ಮ ಹೇಳಿದ್ದರು. 'ಬೇಗ ಆಪರೇಷನ್ ಮಾಡಿಸಿಕೊಳ್ಳಿ. ಕರುಳು ಅದರಲ್ಲಿ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಕುತ್ತು ಬರುತ್ತದೆ. ಆದರೆ ಆಮೇಲೆ ಒಂದೂವರೆ ತಿಂಗಳು ಒಂದು ಬಕೆಟ್ಟೂ ಎತ್ತೋ ಹಾಗಿಲ್ಲ. ಜೊತೆಗೆ ಗಟ್ಟಿಯಾದವರು ಒಬ್ಬರು ಇರಲೇಬೇಕು' ಅಂದಿದ್ದರು. ಅಮ್ಮನಿಗೆ ಮೆಟ್ಟಿಲು ಇಳಿಯಲಾಗದು. ಇಸ್ತ್ರಿಯವನ ಮರ್ಯಾದೆಯ ವಿಷಯ ಆಗಲೇ ಹೇಳಿದೆ. ಉಳಿದವಳು ಪುಟ್ಟಿ.

ಪುಟ್ಟಿಗೆ ನಾನೇ ಹೇಳುತ್ತೇನೆ ಎಂದಿದ್ದಳು ಅಮ್ಮ. 'ನೀನು ಒರಟಾಗಿ ಹೇಳಿ ಅವಳನ್ನ ಗಾಬರಿ ಮಾಡ್ಬೇಡ. ನಾನು ಸಮಯ ನೋಡಿ ನಿಧಾನಕ್ಕೆ ಹೇಳ್ತೀನಿ.' ಅಮ್ಮ ಸಮಯ ನೋಡುತ್ತಲೇ ಇದ್ದಳು. ಆಸ್ಪತ್ರೆ ಕೊಟ್ಟ ಎರಡು ತಾರೀಖು ಬಂದು ಹೋದವು. ಮೂರನೆಯದು ಈ ಗುರುವಾರ. ಕೇಳಿ ಪಡೆಯುವುದು ದೊಡ್ಡವಳ ಜಾಯಮಾನವಲ್ಲ. ಈ ಎರಡು ಸಲವೂ ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಈಗ ಹಲ್ಲೂ ನೋಯುತ್ತಿತ್ತು.

'ಅಮ್ಮಾ, ಪುಟ್ಟಿಗೆ ಫೋನ್ ಮಾಡಿದ್ಯಾ?'

'ಶ್! ಸೇತುವೆ ಹತ್ರ ಬಂದಿದೀನಿ.'

ಕನ್ನಡಕವನ್ನು ನೆತ್ತಿಯ ಮೇಲೇರಿಸಿಕೊಂಡು, ಮಂಡಿಗೆ ಶಾಲು ಹೊದ್ದು ಅಮ್ಮ ಟಿವಿಯೆದುರು ಕೂತಿದ್ದಳು. ಸೇತುವೆ ಕಾಯುವ ಬೃಹದಾಕಾರದ ರಾಕ್ಷಸನೊಬ್ಬ ತೆರೆಯಲ್ಲಿ ಗದೆ ಬೀಸುತ್ತಿದ್ದ. ವಾರದಿಂದ ಅಮ್ಮ ಅವನ ಕೈಲಿ ಒದೆ ತಿಂದು ವಾಪಸ್ಸಾಗುತ್ತಿದ್ದಳು.

'ಸೇತುವೆ ಎಲ್ಲೂ ಹೋಗಲ್ಲ. ಗುರುವಾರ ಬರತ್ತೆ. ಹೇಳಿದ್ಯಾ ಇಲ್ವಾ?'

'ಹೇಳ್ತೀನಿ ಕಣೇ. ಮೊನ್ನೆ ಫೋನಲ್ಲಿ ಅವಳ ಗಂಟಲು ಸ್ವಲ್ಪ ಕಟ್ಟಿದ ಹಾಗಿತ್ತು. ಚಿಕ್ಕೋಳಿದ್ದಾಗ ಎದೆ ಕಟ್ಟಿ ಎಷ್ಟು ದಿನ ಆಸ್ಪತ್ರೇಲಿದ್ಲು, ನಿನಗೆ ನೆನಪಿಲ್ವಾ? ಆ ಹುಡುಗಿ ತಲೆ ಮೇಲೆ ಇದನ್ನೂ ಯಾಕೆ ಹಾಕೋದು ಅಂತ. ಇನ್ನೊಂದು ತಿಂಗಳು ಹಾಗೇ ತಡ್ಕೋತೀಯೇನೋ ನೋಡು. ನಿನಗೆ ಅಭ್ಯಾಸ ಇದೆ.'

ದೊಡ್ಡವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಆ ಹುಡುಗಿ! ದಿನವಿಡೀ ನೀರಲ್ಲಿರುವವಳು, ಮುಳುಗುವ ಗಂಡಸರನ್ನು ಕಂಕುಳಿಗೆ ಕೈಹಾಕಿ ಎಳೆದು ದಡಕ್ಕೆ ಎಸೆಯುವವಳು, ಭುಜ ತೂರಿಸಲಾಗದೆ ಅಂಗಿಗಳ ತೋಳು ಬಿಚ್ಚಿ ಹೊಲಿಸುವವಳು ಅಮ್ಮನ ಕಣ್ಣಿಗೆ ಇನ್ನೂ ಎದೆ ಕಟ್ಟಿದ ಕೂಸು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಆದರೆ ಇದ್ದ ಎರಡು ಹೆಗ್ಗಣಗಳಲ್ಲಿ ಒಂದೇ ಮುದ್ದಾದರೆ ಇನ್ನೊಂದು ಏನು ಮಾಡಬೇಕು?

'ಆ ರಾಕ್ಷಸ ಸತ್ರೆ ಫೋನ್ ಮಾಡ್ತೀಯಾ?' ಅಂದಳು.

'ಸಾಯಲ್ಲ ಕಣೇ ಅವನು.'

'ಸತ್ರೆ ಮಾಡ್ತೀಯಾ?'

'ಹೂಂ, ಮಾಡ್ತೀನಿ. ತಗೋ, ನೀನೇ ನೋಡು.' ಅಮ್ಮ ರೇಗಿ, ಗುಂಡಿಗಳಿರುವ ಆಟದ ಹಿಡಿಯನ್ನು ಅವಳ ಕೈಗೆ ತುರುಕಿದಳು.

ದೊಡ್ಡವಳು ಈ ಆಟವನ್ನು ಎಂದೂ ಆಡಿರಲಿಲ್ಲ. ಆದರೆ ವರ್ಷದಿಂದ ಸಂಜೆ ಸಂಜೆ ಅಮ್ಮನ ಹಿಂದೆ ಕೂತು ದಿಂಬಿನ ಚೀಲ ಮಡಚುತ್ತಾ ನೋಡಿದ್ದಳು. ನೋಡಲಿಷ್ಟವಿಲ್ಲದೆ ನೋಡಿದ್ದೂ ತಲೆಯಲ್ಲಿ ಕೂರುತ್ತದಲ್ಲ. ಕದನಕ್ಕೆ ಮುಂಚೆ ಯಾರ ಸ್ಥಿತಿ ಏನು ಎಂದು ತೋರಿಸುವ ಪುಟವನ್ನು ತೆರೆದಳು. ಅಮ್ಮ ಯಾವತ್ತೂ ತೆರೆಯದ ಪುಟ ಅದು, ಅಕ್ಷರ ತೀರಾ ಸಣ್ಣದು.

ಮುಂದಿನ ಸಾಲಿನಲ್ಲಿ ಮೊದಲಿಗೆ ಒಂದು ಕಲ್ಲಿನ ದೈತ್ಯ. ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದಂಥ ಮೈ, ಕುತ್ತಿಗೆಯೇ ಇಲ್ಲ. ಹೆಸರು: ದೊಡ್ಡವಳು. ಇದು ಅವಳಿಗೆ ಗೊತ್ತಿತ್ತು, ಗೊತ್ತಾದ ದಿನ ನಕ್ಕೂ ಇದ್ದಳು. ಅದರ ಬೆನ್ನ ಹಿಂದೆ ಅಂಗೈಯಗಲದ ಒಂದು ನೀಲಿ ಲೋಳೆಯ ಉಂಡೆ, ಆಟ ಶುರುವಾದ ಮೊದಲ ಹುಲ್ಲುಗಾವಲಿನಲ್ಲೇ ಸಿಗುವ ಪ್ರಾಣಿ. ಎರಡನೇ ಊರಿಗೆ ಬರುವಷ್ಟರಲ್ಲಿ ಯಾರೇ ಆದರೂ ಅದನ್ನು ಬಿಟ್ಟುಬಿಡುತ್ತಾರೆ. ಹೆಸರು: ಪುಟ್ಟಿ.

ಕಲ್ಲಿನ ದೊಡ್ಡವಳಿಗೆ ಅಮ್ಮ ಕೊಟ್ಟಿದ್ದ ಅಪ್ಪಣೆ ಒಂದೇ, 'ಅಡ್ಡ ನಿಲ್ಲು'. ಅಂದರೆ ಯಾರಿಗೆ ಪೆಟ್ಟು ಬಿದ್ದರೂ ಅದು ನಡುವೆ ಹೋಗಿ ತಾನು ತಿನ್ನಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಟ ಶುರುವಾದಂದಿನಿಂದ ಆ ಅಪ್ಪಣೆ ಬದಲಾಗಿರಲಿಲ್ಲ. ತುಂಬಿದ್ದರೆ ನಾನೂರು ದಾಟುವ ಅದರ ಜೀವದ ಅಂಕಿ ಈಗ ಹನ್ನೊಂದಕ್ಕೆ ಇಳಿದಿತ್ತು. ಯಾವುದೋ ಜೌಗು ದಾಟುವಾಗ ಹತ್ತಿದ ವಿಷವೂ ಮೈಯಲ್ಲೇ ಇತ್ತು, ಹೆಜ್ಜೆಗೊಂದರಂತೆ ಜೀವ ಸೋರುತ್ತಿತ್ತು.

'ಅಮ್ಮಾ, ಇದಕ್ಕೆ ಯಾವತ್ತು ಸೊಪ್ಪು ತಿನ್ಸಿದ್ದೆ?' ಗಾಯ ವಾಸಿಯಾಗಲು ಈ ಆಟದಲ್ಲಿ ಒಂದು ಔಷಧಿ ಸೊಪ್ಪು ತಿನ್ನಿಸಬೇಕು.

'ಯಾರಿಗೆ? ದೊಡ್ಡವಳಿಗಾ? ಅವಳಿಗ್ಯಾಕೆ? ಅವಳು ತಡ್ಕೋತಾಳೆ.'

ದೊಡ್ಡವಳು ಆಟದ ಕೈಚೀಲ ತೆರೆದು ನೋಡಿದಳು. ಔಷಧಿ ಸೊಪ್ಪು ಚೀಲ ಹಿಡಿಯುವಷ್ಟೂ ತುಂಬಿತ್ತು, ಒಂದು ಎಲೆಯೂ ಖರ್ಚಾಗಿರಲಿಲ್ಲ.

'ಇಷ್ಟು ಸೊಪ್ಪು ಯಾರಿಗೆ ಇಟ್ಟಿದೀಯ?'

'ಪುಟ್ಟಿಗೆ ಏನಾದ್ರೂ ಆದ್ರೆ ಬೇಕಲ್ಲ.'

ಪುಟ್ಟಿಗೆ ಏನಾಗಲಿಕ್ಕೆ ಸಾಧ್ಯ? ಕಲ್ಲಿನ ಬೆನ್ನ ಹಿಂದೆ ನಿಂತು ಅದು ಇವತ್ತಿನವರೆಗೆ ಒಂದು ಗೀರೂ ತಿಂದಿರಲಿಲ್ಲ. ದೊಡ್ಡವಳು ಅದರ ಪುಟಕ್ಕೆ ಹೋದಳು. ಅಲ್ಲಿದ್ದ ಅಂಕಿ ನೋಡಿ, ತಾನೇ ತಪ್ಪಾಗಿ ನೋಡಿದೆನೇನೋ ಎಂದು ಟಿವಿಯ ಹತ್ತಿರಕ್ಕೆ ಬಾಗಿದಳು. ದಾರಿಯಲ್ಲಿ ಸಿಕ್ಕ ಶಕ್ತಿಯ ಬೀಜಗಳನ್ನೆಲ್ಲ ಅಮ್ಮ, ಪಾಪ ಸಣ್ಣ ಜೀವ ಎಂದು ಅದಕ್ಕೇ ತಿನ್ನಿಸಿದ್ದಳು. ತಿಂದು ತಿಂದು ಆ ಅಂಗೈಯಗಲದ ಲೋಳೆಯ ಬಲ ಕಲ್ಲಿನ ದೈತ್ಯನ ಮೂರರಷ್ಟಾಗಿತ್ತು. ಅದಕ್ಕಿದ್ದ ಅಪ್ಪಣೆ ಮಾತ್ರ 'ಹಿಂದೆ ಇರು'. ಒಂದೇ ಒಂದು ಏಟನ್ನೂ ಅದು ಯಾರಿಗೂ ಹೊಡೆದಿರಲಿಲ್ಲ.

'ಇವಳನ್ನ ಯಾವತ್ತಾದ್ರೂ ಹೊಡಿಯೋಕೆ ಬಿಟ್ಟಿದ್ಯಾ?'

'ಅವಳ ಕೈಲಿ ಎಲ್ಲಾಗತ್ತೆ?'

ದೊಡ್ಡವಳು ಕಲ್ಲನ್ನು ಮುಂದಿನ ಸಾಲಿನಿಂದ ತೆಗೆದಳು. ಗಾಡಿಯಿಂದ ಸೋದರತ್ತೆ ಅಣಬೆಯನ್ನು ಆ ಜಾಗಕ್ಕೆ ಎಳೆದು ನಿಲ್ಲಿಸಿದಳು.

'ಅಯ್ಯೋ, ದೊಡ್ಡವಳನ್ನ ಇಳಿಸ್ಬೇಡ ಕಣೇ! ಅವಳಿಲ್ದೆ ಒಂದು ಹೆಜ್ಜೆ ಮುಂದೆ ಹೋಗಕ್ಕಾಗಲ್ಲ!'

'ಇಳಿಸ್ತಿಲ್ಲ ಅಮ್ಮಾ, ಹತ್ತಿಸ್ತಿದೀನಿ. ಸ್ವಲ್ಪ ಕೂತ್ಕೊಳ್ಲಿ.'

ಅಷ್ಟು ಊರು ಸುತ್ತಿದ್ದರೂ ಆ ಕಲ್ಲು ಒಂದು ಸಲವೂ ಗಾಡಿ ಹತ್ತಿರಲಿಲ್ಲ. ಹಲ್ಲಿ ಚಿಕ್ಕಪ್ಪನ ಪಕ್ಕದಲ್ಲಿ ಅದರ ತಲೆ ಕಾಣಿಸಿತು.

ಲೋಳೆಯ ಪುಟ್ಟಿಗೆ 'ಹೊಡಿ' ಎಂದು ಅಪ್ಪಣೆಯಾಯಿತು. ಅಮ್ಮ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ನೀಲಿ ಉಂಡೆ ಮೊದಲು ಚಪ್ಪಟೆಯಾಯಿತು, ಆಮೇಲೆ ಚಿಮ್ಮಿ ಹೋಗಿ ರಾಕ್ಷಸನ ಮೂಗಿನ ಮೇಲೆ ಬಿತ್ತು. ಸೇತುವೆಯೇ ನಡುಗಿತು. ರಾಕ್ಷಸ ಗದೆ ಎತ್ತುವ ಮೊದಲೇ ಇನ್ನೊಂದು ಏಟು. ಮೂರನೆಯದಕ್ಕೆ ಅವನು ಮಂಡಿಯೂರಿ ಕುಕ್ಕರಿಸಿದ. ವಾರದ ಯುದ್ಧ ಹಾಲು ಉಕ್ಕುವಷ್ಟು ಹೊತ್ತೂ ಇಲ್ಲದೆ ಮುಗಿದುಹೋಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ರಾಕ್ಷಸ ಮೈ ಕೊಡವಿ ಎದ್ದು, ಗದೆಯನ್ನು ಎದೆಗವಚಿಕೊಂಡು, ಕಣ್ಣು ಪಿಳಿಪಿಳಿ ಬಿಟ್ಟ. 'ಜೊತೆಗೆ ಬರಲೇ?' ಅದರ ಕೆಳಗೆ ಇನ್ನೊಂದು ಸಾಲು: 'ಗಾಡಿ ತುಂಬಿದೆ. ಇವನನ್ನು ಸೇರಿಸಿಕೊಳ್ಳಲು ಒಬ್ಬರನ್ನು ಇಳಿಸಬೇಕು.' ಕೊನೆಗೆ ಹತ್ತಿದವರ ಹೆಸರು ತಾನಾಗಿಯೇ ಮಿನುಗುತ್ತಿತ್ತು: ದೊಡ್ಡವಳು.

'ನೋಡಿದ್ಯಾ ನಮ್ಮ ಪುಟ್ಟೀನ!' ಅಮ್ಮ ಚಪ್ಪಾಳೆ ತಟ್ಟಿದಳು. 'ಎಂಥಾ ಏಟು ಕೊಟ್ಲೇ! ಪಾಪ, ಎಷ್ಟು ಸುಸ್ತಾಗಿರತ್ತೋ. ಒಂದು ಸೊಪ್ಪು ತಿನ್ಸು ಅವಳಿಗೆ.'

ದೊಡ್ಡವಳು ಆಟದ ಹಿಡಿಯನ್ನು ಮೇಜಿನ ಮೇಲೆ ಕುಕ್ಕಿದಳು.

'ಅವಳಿಗೆ ಒಂದು ಗೀರೂ ಬಿದ್ದಿಲ್ಲ ಅಮ್ಮಾ! ಹನ್ನೊಂದು ಜೀವ ಇಟ್ಕೊಂಡು ವಿಷ ಕುಡಿದು ನಿಂತಿರೋದು ನಾನು! ಇದನ್ನ ಆಟ ಅಂತ ಆಡ್ತಿದೀಯಾ ನೀನು? ನಮ್ಮನೇನೇ ಅಲ್ವಾ ಆಡ್ತಿರೋದು? ಎಲ್ಲಾರ ಪೆಟ್ಟೂ ನಾನು ತಿನ್ಬೇಕು. ಮೆಟ್ಟಿಲು, ಮೂಟೆ, ಆಸ್ಪತ್ರೆ, ನಿನ್ನ ಮಂಡಿ, ಎಲ್ಲಾ ನಾನೇ. ಸೊಪ್ಪು ಮಾತ್ರ ಅವಳಿಗೆ ಎತ್ತಿಡೋದು, ಅವಳು ಕೇಳ್ದೇನೇ! ನಂಗೆ ಭಯ ಆಗ್ತಿದೆ ಅಮ್ಮಾ. ಬುಟ್ಟಿ ಎತ್ತುವಾಗೆಲ್ಲ ಇವತ್ತೇ ಕರುಳು ಸಿಕ್ಕೊಳತ್ತೇನೋ ಅಂತ ಭಯ ಆಗತ್ತೆ. ನೀನು ಅಭ್ಯಾಸ ಇದೆ ಅಂತೀಯಲ್ಲ!'

ಅಷ್ಟು ದೊಡ್ಡ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೂಗಿದ ರಭಸಕ್ಕೆ ಕಿಬ್ಬೊಟ್ಟೆಯ ಉಬ್ಬು ಚಳಕ್ ಎಂದು, ಅವಳು ಅಲ್ಲೇ ಕುರ್ಚಿಗೆ ಕುಸಿದಳು. ಟಿವಿಯಲ್ಲಿ ರಾಕ್ಷಸ ಉತ್ತರಕ್ಕಾಗಿ ಕಾಯುತ್ತಾ ಕಣ್ಣು ಪಿಳುಕಿಸುತ್ತಿದ್ದ.

'ಉಳಿದೋರಿಗೆಲ್ಲ ಪೆಟ್ಟಾದ್ರೆ ಮೈ ಕೆಂಪಾಗತ್ತೆ,' ಎಂದಳು ಅಮ್ಮ, ಸಣ್ಣ ದನಿಯಲ್ಲಿ. 'ಕೆಂಪಾದ್ರೆ ನಾನು ನೋಡ್ತೀನಿ. ಅದು ಕಲ್ಲು, ಕೆಂಪಾಗೋದೇ ಇಲ್ಲ. ಆ ಸಣ್ಣಕ್ಷರ ನಂಗೆ ಕಾಣಲ್ಲ ಕಣೇ.' ಆಮೇಲೆ, ಇನ್ನೂ ಸಣ್ಣಗೆ, 'ನೀನೂ ಒಂದು ದಿನ ಕೆಂಪಾಗಿದ್ದು ನಾನು ನೋಡಿಲ್ಲ.'

ಇದಕ್ಕೆ ಉತ್ತರ ಕೊಡಬಹುದಿತ್ತು. ಕನ್ನಡಕ ನೆತ್ತಿಯ ಮೇಲಿದ್ದರೆ ಯಾವ ಅಕ್ಷರ ಕಾಣುತ್ತದೆ ಎನ್ನಬಹುದಿತ್ತು. ಆದರೆ ಅಮ್ಮನ ಮಾತಿನಲ್ಲಿ ಅರ್ಧ ನಿಜವಿತ್ತು. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು. ಅದು ದೊಡ್ಡವಳನ್ನು ಇನ್ನಷ್ಟು ರೇಗಿಸಿತು. ಆ ಸಿಟ್ಟಿನಲ್ಲೇ ಫೋನ್ ತೆಗೆದು ತಾನೇ ಪುಟ್ಟಿಗೆ ಮಾಡಿದಳು, ಅಮ್ಮನಿಗೂ ಕೇಳಲಿ ಎಂದು ದನಿ ಜೋರಾಗಿಟ್ಟಳು.

ಹಿಂದೆ ನೀರಿನ ಸದ್ದು, ಸೀಟಿಯ ಸದ್ದು. 'ಅಕ್ಕಾ? ಏನಾಯ್ತು? ಅಮ್ಮಂಗೇನಾಯ್ತು?'

ಅಕ್ಕ ತನಗಾಗಿ ಫೋನ್ ಮಾಡಬಹುದೆಂದು ಆ ಕಡೆಯೂ ಯಾರೂ ಎಣಿಸಿರಲಿಲ್ಲ.

'ಅಮ್ಮಂಗೇನೂ ಆಗಿಲ್ಲ. ನಂಗಾಗಿದೆ.' ಹರ್ನಿಯಾ, ಗುರುವಾರ, ಮೂಟೆಗಳು, ಎಲ್ಲವನ್ನೂ ದೊಡ್ಡವಳು ಬೈದ ಹಾಗೇ ಹೇಳಿ ಮುಗಿಸಿದಳು. ಕೊನೆಗೆ, ನಾಲಿಗೆಗೆ ಅಭ್ಯಾಸವಿಲ್ಲದ ಒಂದು ಮಾತು ಬಾಕಿಯಿತ್ತು. ಅದನ್ನೂ ಹೇಳಿದಳು. 'ನೀನು ಬಾ. ನನ್ನ ಕೈಲಿ ಒಬ್ಬಳೇ ಆಗ್ತಿಲ್ಲ.'

ಆ ಕಡೆ ಸೀಟಿ ನಿಂತಿತು.

'ಎಷ್ಟು ದಿನದಿಂದ?' ಎಂದಳು ಪುಟ್ಟಿ.

'ಚಳಿಗಾಲದಿಂದ.'

'ಚಳಿಗಾಲದಿಂದ! ಪ್ರತಿ ವಾರ ಅಕ್ಕ ಹೇಗಿದಾಳೆ ಅಂತ ಅಮ್ಮನ್ನ ಕೇಳ್ತೀನಿ. ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ ಅಂತಾಳೆ. ನಿಮಗಿಬ್ರಿಗೂ ಬುದ್ಧಿ ಇದ್ಯಾ? ನಾನೇನು ಬೆಣ್ಣೆ ಮುದ್ದೆನಾ, ಬಿಸಿಲಿಗಿಟ್ರೆ ಕರಗಿ ಹೋಗಕ್ಕೆ? ನಾಳೆ ಬೆಳಗಿನ ರೈಲಿಗೆ ಬರ್ತೀನಿ. ಅಲ್ಲೀವರೆಗೂ ಒಂದು ಕರವಸ್ತ್ರ ಎತ್ತಿದ್ರೂ ನೋಡು ಮತ್ತೆ. ಅಮ್ಮಾ, ಕೇಳಿಸ್ತಿದ್ಯಾ? ಅವಳು ಎದ್ರೆ ಬೈ.'

ಅಮ್ಮ ಹೂಂ ಅಂದಳು. ಫೋನ್ ಕಟ್ಟಾಯಿತು.

ಇಷ್ಟೇ. ಒಂದು ಫೋನು, ನಾಲ್ಕು ಮಾತು. ಇಷ್ಟಕ್ಕೆ ಎರಡು ತಾರೀಖು ಹಾಳಾಗಿದ್ದವು. ದೊಡ್ಡವಳಿಗೆ ಅಳಬೇಕೋ ಯಾರನ್ನಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಕಣ್ಣು ಮಾತ್ರ ಅವಳನ್ನು ಕೇಳದೆ ತುಂಬಿಕೊಂಡಿತು. ಅಮ್ಮ ಅದನ್ನು ನೋಡಿದಳು, ಮುಖ ಕೆಂಪಾಗಿದ್ದನ್ನೂ ನೋಡಿದಳು. ನೆತ್ತಿಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿ ಇನ್ನೊಮ್ಮೆ ನೋಡಿದಳು.

ಆಮೇಲೆ ಅಮ್ಮ ಮೇಜಿನ ಮೇಲಿನ ಆಟದ ಹಿಡಿಯನ್ನು ಕೈಗೆತ್ತಿಕೊಂಡಳು. ಸೇತುವೆಯ ರಾಕ್ಷಸ ಇನ್ನೂ ಕೇಳುತ್ತಲೇ ಇದ್ದ. ಇಡೀ ಆಟದಲ್ಲೇ ಅಂಥ ಬಲಶಾಲಿ ಇನ್ನೊಬ್ಬ ಸಿಗುವುದಿಲ್ಲ. ಅಮ್ಮ ಅವನಿಗಾಗಿ ಒಂದು ಹೆಸರನ್ನೂ ಎತ್ತಿಟ್ಟಿದ್ದಳೆಂದು ಕಾಣುತ್ತದೆ, ಬಾಯಿ ಒಂದು ಸಲ ಮಿಸುಕಿತು.

'ಜಾಗ ಇಲ್ಲ ಕಣಪ್ಪಾ,' ಅಂದಳು. 'ನಮ್ಮ ಹುಡುಗಿ ಕೂತಿದಾಳೆ.' ಹಾಗೆಂದು ಜೀವಮಾನದಲ್ಲಿ ಮೊದಲ ಸಲ 'ಬೇಡ' ಒತ್ತಿದಳು. ರಾಕ್ಷಸ ತಲೆ ತಗ್ಗಿಸಿ ಹೊರಟುಹೋದ.

ಅಮ್ಮ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು. ಗಾಡಿಯ ಪುಟ ತೆರೆದು, ಚೀಲದಿಂದ ಸೊಪ್ಪು ತೆಗೆದು ಕಲ್ಲಿಗೆ ತಿನ್ನಿಸಿದಳು. ಹನ್ನೊಂದು ಇದ್ದ ಜೀವ ನಲವತ್ತಾಯಿತು. ಮೂಗು ತೆರೆಗೆ ತಾಗುವಷ್ಟು ಬಾಗಿ ಅಂಕಿಯನ್ನು ಓದಿದಳು. ಇನ್ನೊಂದು ಎಲೆ ಹಾಕಿದಳು, ಮತ್ತೊಂದು ಹಾಕಿದಳು. ಕಲ್ಲಿನ ಮೈಯಲ್ಲಿ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ, ಅಂಕಿ ಮಾತ್ರ ಏರುತ್ತಿತ್ತು.

'ಸಾಕಾ?' ಎಂದು ಕೇಳಿದಳು, ಟಿವಿಯಿಂದ ಕಣ್ಣು ತೆಗೆಯದೆ.

ಬೇರೆ ಯಾವ ದಿನವಾದರೂ ದೊಡ್ಡವಳು ಸಾಕು ಎಂದುಬಿಡುತ್ತಿದ್ದಳು.

'ಸಾಲ್ದು,' ಅಂದಳು. 'ಇನ್ನೂ ಹಾಕು.'